ಕರಿಗಲ್ಲಿನ ಜನ್ಮವಾದ

ನಮ್ಮ ಸೊಲ್ಲಾಪುರದ ಕಡೆಯ ಬಾವಿಗಳಲ್ಲಿ ಇಳಿದು ನೋಡಿದವರಿಗೆ ಕರಿಗಲ್ಲಿನ ಪದರಗಳೂ, ಕೆಲವೆಡೆ ಅವುಗಳ ನಡುವೆ ಕೆಂಪುಮಣ್ಣಿನ ಪಟ್ಟಿಯೂ ಕಾಣುತ್ತವೆ. ಈ ಜಾತಿಯ ಕಲ್ಲು, ಅಂದರೆ ಬಸಾಲ್ಟು, ಬೆಂಕಿಯಿಂದ ಹುಟ್ಟಿತೋ ನೀರಿನಿಂದ ಹುಟ್ಟಿತೋ ಎಂದು ಯುರೋಪಿನ ಪಂಡಿತರು ಒಂದು ಕಾಲಕ್ಕೆ ಎರಡು ಪಕ್ಷವಾಗಿದ್ದರು.

ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆ ಎಂದು ನಾವು ತರಗತಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ 1775ರಿಂದ ಜರ್ಮನಿಯ ಫ್ರೈಬೆರ್ಗ್ ಗಣಿವಿದ್ಯಾಲಯದಲ್ಲಿ ಆಚಾರ್ಯರಾಗಿದ್ದ ವೆರ್ನರ್ ಅವರು, ಬಸಾಲ್ಟು ಆದಿಸಮುದ್ರದ ನೀರಿನಿಂದ ಪದರವಾಗಿ ನಿಂತದ್ದೆಂದು ಬೋಧಿಸಿದರು. ಅವರು ಕಂಡ ಸ್ಯಾಕ್ಸನಿಯ ಬೆಟ್ಟದಲ್ಲಿ ಬಸಾಲ್ಟು ಮರಳು, ಜೇಡಿಗಳ ಪದರಗಳ ಮೇಲೆ ಕುಳಿತಿತ್ತು. ಅಷ್ಟನ್ನೇ ಕಂಡವರಿಗೆ ಆ ಊಹೆ ಅಸಂಗತವಲ್ಲ. ಫ್ರಾನ್ಸಿನ ಓವೆರ್ನ್ ಪ್ರಾಂತದ ಬಸಾಲ್ಟನ್ನು 1763ರಲ್ಲಿ ಕಂಡ ದೆಮಾರೆ ಅವರು ಅದು ಆರಿದ ಜ್ವಾಲಾಮುಖಿಯದೆಂದು ಗುರುತಿಸಿದ್ದರೂ ವೆರ್ನರ್ ಒಪ್ಪಲಿಲ್ಲ. ಅವರ ಶಿಷ್ಯ ದೋಬ್ಯುಸ್ಸೋನ್ 1803ರಲ್ಲಿ ಗುರುಪಕ್ಷವನ್ನೇ ಹಿಡಿದು ಗ್ರಂಥ ಬರೆದನು. ಮರುವರ್ಷ ಓವೆರ್ನಿಗೆ ತಾನೇ ಹೋಗಿ ಕಲ್ಲನ್ನು ಕಣ್ಣಾರೆ ನೋಡಿ, ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡನು. ಗುರುವಿಗೆ ಎದುರಾಡಿದನೆಂದು ಉಪಾಧ್ಯಾಯರಾದ ನಾವು ಅವನನ್ನು ದೂರಲಾರೆವು.

ನಮ್ಮ ಕರಿಗಲ್ಲೂ ಬೆಂಕಿಯದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖಣದ ನೆಲ ಬಿರಿದು ಲಾವಾರಸವು ಮೇಲಿಂದ ಮೇಲೆ ಹರಿದು ಹೆಪ್ಪುಗಟ್ಟಿತು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ನಡುವಿನ ಕೆಂಪು ಪಟ್ಟಿಯೋ? ಒಂದು ಹರಿವು ಆರಿ, ಮಳೆಗಾಳಿಗೆ ಅದರ ಮೈ ಸವೆದು ಬಹುಮಟ್ಟಿಗೆ ಮಣ್ಣಾದ ಮೇಲೆ ಮುಂದಿನ ಹರಿವು ಅದನ್ನು ಮುಚ್ಚಿತು. ಬೆಂಕಿ ವಿರಮಿಸಿದ್ದ ಕಾಲದ ಗುರುತು ಅದು. ಬೇಸಿಗೆಯಲ್ಲಿ ನೀರು ಇಳಿದಾಗ, ಮಕ್ಕಳನ್ನು ಬಾವಿಯ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಅದನ್ನು ತೋರಿಸಬೇಕೆಂದಿದ್ದೇವೆ.