ದಂಡುಪಾಳ್ಯ ಘಟ್ಟ ಇಳಿದು ಬಂದದ್ದು

ಹೊಸಕೋಟೆ ಬದಿಯ ದಂಡುಪಾಳ್ಯಕ್ಕೂ ನಮ್ಮ ಕುಂದಾಪುರಕ್ಕೂ ನಡುವೆ ಇಡೀ ಘಟ್ಟವೇ ಇದೆ. ಆದರೂ ಆ ಹೆಸರು ಇಲ್ಲಿಗೆ ಬಂತು, ಪತ್ರಿಕೆಯ ಬೆನ್ನೇರಿ. 1995ರಲ್ಲಿ ರವಿ ಬೆಳಗೆರೆ ‘ಹಾಯ್ ಬೆಂಗಳೂರ್’ ಶುರುಮಾಡಿದ ಮೇಲೆ ಅಪರಾಧದ ಸುದ್ದಿ ಕಥೆಯ ಹಾಗೆ ಓದಿಸಿಕೊಳ್ಳತೊಡಗಿತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ಇಂಥ ವಾರಪತ್ರಿಕೆಗಳು ಹಗ್ಗಕ್ಕೆ ನೇತಾಡುತ್ತಿದ್ದವು. ನೀರು ಕೇಳುವ ನೆಪದಲ್ಲಿ ಬಾಗಿಲು ತಟ್ಟಿ ಕತ್ತು ಕೊಯ್ಯುವವರ ಸಂಗತಿ ಓದಿದವರು, ಹೆಂಗಸರಷ್ಟೇ ಇರುವ ಮನೆಗಳಿಗೆ ‘ಬಾಗ್ಲ್ ಹಾಯ್ಕಣಿ’ ಎಂದು ಹೇಳಿ ಹೋಗುತ್ತಿದ್ದರು. ಕೊಲೆಗಳು ನಿಜ, ಭಯಕ್ಕೆ ಕಾರಣವೂ ಇತ್ತು. ಆದರೆ ಒಂದು ಊರಿನ ಹೆಸರೇ ಬೈಗುಳವಾಯಿತಲ್ಲ, ಅದು ಅಚ್ಚಿನ ಕೆಲಸ.

2012ರಲ್ಲಿ ಶ್ರೀನಿವಾಸ ರಾಜು ಅದೇ ಹೆಸರಿನ ಸಿನೆಮಾ ಮಾಡಿದರು. ಪೂಜಾ ಗಾಂಧಿಯವರ ಬೀಡಿ, ಕುತ್ತಿಗೆಯ ರಕ್ತ ಎಲ್ಲ ತೆರೆಗೆ ಬಂತು, ಚಿತ್ರ ಗೆದ್ದಿತು. ನನಗೆ ಕುತೂಹಲ 2017ರ ಎರಡನೇ ಭಾಗದ್ದು. ಅದರಲ್ಲಿ ಶ್ರುತಿ ಹರಿಹರನ್ ಪತ್ರಕರ್ತೆ. ಇವರೇ ಕೊಂದರೆಂದು ಹೇಳಿದವರು ಯಾರು, ಠಾಣೆಯೊಳಗೆ ಏನಾಯಿತು ಎಂದು ಹುಡುಕುತ್ತಾಳೆ. ಮೊದಲ ಭಾಗ ನಂಬಿಸಿದ್ದನ್ನು ಎರಡನೆಯದು ಅನುಮಾನಿಸುತ್ತದೆ. ಪ್ರಶ್ನೆಯೇನೋ ಒಳ್ಳೆಯದೇ. ಆದರೆ ಠಾಣೆಯ ಹಿಂಸೆಯನ್ನೂ ಕ್ಯಾಮೆರಾ ಅದೇ ಚಪಲದಿಂದ ನೋಡುತ್ತದೆ.

ಇದು ಹೊಸ ರೋಗವಲ್ಲ. ಚಿತ್ರ ತೆಗೆಯುವ ಆಸೆಗೆ ತಾವೇ ಕ್ರೌರ್ಯ ನಡೆಸುವ ತಂಡವೊಂದನ್ನು ಇಟಲಿಯ ರುಗ್ಗೆರೊ ದೆಯೊದಾತೊ 1980ರ ‘ಕ್ಯಾನಿಬಲ್ ಹೋಲೊಕಾಸ್ಟ್’ನಲ್ಲಿ ಬೈದರು, ಆ ಚಿತ್ರಕ್ಕಾಗಿ ನಿಜವಾದ ಪ್ರಾಣಿಗಳನ್ನೇ ಕೊಂದಿದ್ದರು! ನಮ್ಮವರು ಅಷ್ಟು ದೂರ ಹೋಗಲಿಲ್ಲ. ಸೆನ್ಸಾರ್ ಕತ್ತರಿಸಿದ್ದ ದೃಶ್ಯವೊಂದು ಹೇಗೋ ಹೊರಬಿತ್ತು. ಆಮೇಲೆ ಟೀವಿಯಲ್ಲಿ ಮಾತೆಲ್ಲ ಅದರದ್ದೇ. ಪತ್ರಕರ್ತೆಯ ಪ್ರಶ್ನೆ ಥಿಯೇಟರಿನೊಳಗೇ ಉಳಿಯಿತು.