ಬೈಲಕುಪ್ಪೆ: ಭೂಮಿ ಸಿಕ್ಕಿತು, ಮನಸ್ಸು ನೆಲೆಯೂರಿದ್ದು ಹೇಗೆ?

ಕುಶಾಲನಗರದ ಪಕ್ಕದ ಬೈಲಕುಪ್ಪೆಗೆ ಹೋದವರು ಗೋಲ್ಡನ್ ಟೆಂಪಲ್ ನೋಡಿ, ಫೋಟೊ ಹೊಡೆದು, ಮೊಮೊ ತಿಂದು ಬರುತ್ತಾರೆ. ಸುದ್ದಿಗೆಂದು ಹೋಗುವ ನಾನೂ ಎಷ್ಟೋ ಸಲ ಅಷ್ಟೇ ಮಾಡಿದ್ದೇನೆ. ಆದರೆ ಆ ಊರು ಕಾಡಿನ ನಡುವೆ ಎದ್ದು ನಿಂತ ಕಥೆ ಬೇರೆಯೇ ಇದೆ.

1959ರಲ್ಲಿ ಲಾಸಾದ ದಂಗೆಯನ್ನು ಚೀನಾ ಸೇನೆ ಹತ್ತಿಕ್ಕಿತು. ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಹಲವರಿಗೆ ಮೊದಲು ಸಿಕ್ಕಿದ್ದು ಬೆಟ್ಟದ ರಸ್ತೆಗಳಲ್ಲಿ ಕೂಲಿ. ಆಗ ನಮ್ಮ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960–61ರಲ್ಲಿ ಜನ ಬಂದಿಳಿದರು.

ಬಂದವರಿಗೆ ಕಂಡಿದ್ದು ಡೇರೆ, ಸುಡುವ ಬಿಸಿಲು, ಕಾಡು ಸವರಿ ಹಚ್ಚಿದ ಬೆಂಕಿಯ ಹೊಗೆ, ಆನೆಗಳ ಭಯ. ಚಳಿ ನಾಡಿನವರಿಗೆ ಸೆಕೆ ತಡೆಯಲಿಲ್ಲ, ಕಾಯಿಲೆಗೆ ಸತ್ತವರೂ ಇದ್ದರು. ಇವತ್ತಾದರೆ ಆಪ್ತಸಮಾಲೋಚಕರನ್ನು ಕಳಿಸಿ ಎನ್ನುತ್ತೇವೆ. ಆಗ ಹಳ್ಳಿಯಲ್ಲಿ ಆ ಮಾತೇ ಇರಲಿಲ್ಲ.

ಹಾಗಾದರೆ ಕೈಹಿಡಿದಿದ್ದು ಏನು?

ಮೊದಲನೆಯದು, ಅವರನ್ನು ಊರೂರಿಗೆ ಚದುರಿಸಲಿಲ್ಲ. ಕ್ಯಾಂಪ್ ಮಾಡಿ ಒಟ್ಟಿಗೆ ಇಟ್ಟರು. ಎರಡನೆಯದು, ದುಡಿಮೆ: ತಲೆಗೆ ಸುಮಾರು ಒಂದು ಎಕರೆ, ಮುಸುಕಿನ ಜೋಳ, ಸಹಕಾರ ಸಂಘ, ಚಳಿಗಾಲಕ್ಕೆ ಸ್ವೆಟರ್ ವ್ಯಾಪಾರ. ಮೂರನೆಯದು, ತಮ್ಮದೇ ಶಾಲೆ, ತಮ್ಮದೇ ಮಠ. ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠ 1963ರಲ್ಲೇ ಶುರುವಾಯಿತು.

1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಮೊದಲ ಕೆಲಸವೇ ಟಿಬೆಟನ್ನರ ಪುನರ್ವಸತಿ. ನಮ್ಮ ತಾಯಂದಿರು ವಾರವಾರ ಕೂರುವ ಸ್ವಸಹಾಯ ಸಂಘಗಳನ್ನು 1980ರ ದಶಕದಲ್ಲಿ ಮೊದಮೊದಲು ಕಟ್ಟಿದವರಲ್ಲಿ ಇದೇ ಮೈರಾಡವೂ ಒಂದು.

ನಾಲ್ಕನೆಯದು, ನೋವು ಹೇಳಿಕೊಳ್ಳಲು ಅವರಲ್ಲೇ ಒಂದು ಮಾತಿತ್ತು. ನಿದ್ದೆ ಬಾರದಿದ್ದರೆ, ಎದೆ ಹೊಡೆದುಕೊಂಡರೆ, ಚಿಂತೆ ಬಿಡದಿದ್ದರೆ ಟಿಬೆಟಿನ ವೈದ್ಯರು ‘ಲುಂಗ್’ ಕೆಟ್ಟಿದೆ ಎನ್ನುತ್ತಾರೆ. ಲುಂಗ್ ಎಂದರೆ ಗಾಳಿ, ನಮ್ಮ ಆಯುರ್ವೇದದ ವಾತದ ಹಾಗೆ. ಹಾಗೆ ಹೇಳಿಕೊಂಡವರಿಗೆ ಹುಚ್ಚು ಎಂಬ ಹಣೆಪಟ್ಟಿಯ ಭಯ ಕಡಿಮೆ.

ಇಷ್ಟಾದರೂ ಗಾಯ ಪೂರ್ತಿ ಮಾಯಲಿಲ್ಲ. ಈಗ ಯುವಕರು ಅಮೆರಿಕ, ಕೆನಡಾ ಕಡೆ ಹೊರಟಿದ್ದಾರೆ, ಹಿರಿಯರು ಉಳಿಯುತ್ತಿದ್ದಾರೆ. ಒಮ್ಮೆ ಊರು ಕಳೆದುಕೊಂಡವರು ಈಗ ಮಕ್ಕಳ ದಾರಿ ಕಾಯುತ್ತಿದ್ದಾರೆ.

ಪಕ್ಕದ ಕೊಡಗಿನ ತೋಟದ ಲೈನ್ ಮನೆಗಳಲ್ಲಿ ಇವತ್ತು ಅಸ್ಸಾಂನಿಂದ ಬಂದ ಕೂಲಿಯವರಿದ್ದಾರೆ. ಅವರು ನಿರಾಶ್ರಿತರಲ್ಲ, ನಿಜ. ಆದರೆ ಅವರಿಗೆ ಎಕರೆಯೂ ಇಲ್ಲ, ಸಂಘವೂ ಇಲ್ಲ, ಭಾಷೆ ಬಲ್ಲವರೂ ಕಮ್ಮಿ. ನಿಮ್ಮೂರಲ್ಲಿ ಅಂಥವರಿದ್ದರೆ ‘ಊಟ ಆಯ್ತಾ’ ಅಂತ ಕೇಳಿ. ಅವರಾಗಲಿ, ನೀವಾಗಲಿ ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.