ಕಾಂದಿವಲಿಯಲ್ಲಿ ಕಂಪೈಲ್ ಮಾಡಿದ್ದು, ಕ್ಲೈಂಟ್ ಸರ್ವರ್‌ನಲ್ಲಿ ಸತ್ತಿದ್ದು

ವಿಡಿಯೋದಲ್ಲಿ ಓಪನ್‌ಬ್ಲಾಸ್ ಕಥೆಯನ್ನ ಅವಸರದಲ್ಲಿ ಮುಗಿಸಿಬಿಟ್ಟೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಕಾಂದಿವಲಿ ಪೂರ್ವದಲ್ಲಿ ನನ್ನ ಬಾಡಿಗೆ ಮನೆ. ಕ್ಲೈಂಟಿನ ಸರ್ವರ್‌ಗೆ ಇಂಟರ್ನೆಟ್ ಇಲ್ಲ, ಅದರಲ್ಲಿ ಕಂಪೈಲರೂ ಇಲ್ಲ. ಹಾಗಾಗಿ ಒಂದು ಭಾನುವಾರ ಮನೆಯ ಹೊಸ ಲ್ಯಾಪ್‌ಟಾಪಿನಲ್ಲೇ ಓಪನ್‌ಬ್ಲಾಸ್ ಸೋರ್ಸ್ ಬಿಚ್ಚಿ 'ಮೇಕ್' ಕೊಟ್ಟೆ. ಟೆಸ್ಟ್ ಎಲ್ಲಾ ಪಾಸು. 'ಮೇಕ್ ಇನ್‌ಸ್ಟಾಲ್' ಮಾಡಿ, ಆ ಫೋಲ್ಡರನ್ನೇ ಹೊತ್ತುಕೊಂಡು ಹೋಗಿ ಸರ್ವರ್‌ಗೆ ಹಾಕಿದೆ. ಸೋಮವಾರ ಡೆಮೋ. ನನ್ನ ಕೆಲಸ ಪರ್ಮನೆಂಟ್ ಆಗೋದು ಅದರ ಮೇಲೇ ನಿಂತಿತ್ತು. ಪ್ರೋಗ್ರಾಂ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಒಂದೇ ಸಾಲು ಹೇಳಿ ಸತ್ತುಹೋಯ್ತು.

ಈ ಕಾಯಿಲೆ ಮುಂಬೈಗೆ ಹೊಸದಲ್ಲ. ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋಗಿ, ಅಲ್ಲಿಂದ ಕೊಲಾಬಾದ ತುದಿ ಮುಟ್ಟಿದ್ರೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸಿಗತ್ತೆ. ಅಲ್ಲಿನವರೇ ವಿನ್ಯಾಸ ಮಾಡಿ ಕಟ್ಟಿದ ಟಿಫ್ರಾಕ್ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡ್ತು; 1962ರಲ್ಲಿ ನೆಹರೂ ಅದಕ್ಕೆ ಹೆಸರಿಟ್ಟರು. ಅದರ ಮೆಮೊರಿ 40 ಬಿಟ್‌ಗಳ 2,048 ಪದ, ಅಷ್ಟೇ. ಲೆಕ್ಕವನ್ನ ಆ ಯಂತ್ರದ ಭಾಷೆಯಲ್ಲೇ ಬರೀಬೇಕು. 1964ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ 3600 ಬಂತು. ಟಿಫ್ರಾಕ್‌ನ ಆಜ್ಞೆ ಅದಕ್ಕೆ ತಿಳಿಯಲ್ಲ. ಯಂತ್ರ ಬದಲಾದ್ರೆ ಬರೆದದ್ದೆಲ್ಲ ಮತ್ತೆ ಬರಿ.

ಫೋರ್ಟ್ರಾನ್ ಈ ತಾಪತ್ರಯವನ್ನ ಅರ್ಧ ನೀಗಿಸಿತು. ಇನ್ನರ್ಧಕ್ಕೆ ಕೈ ಹಾಕಿದ್ದು 1979ರಲ್ಲಿ ಲಾಸನ್, ಹ್ಯಾನ್ಸನ್, ಕಿನ್‌ಕೇಡ್, ಕ್ರೋಗ್ ಪ್ರಕಟಿಸಿದ ಬ್ಲಾಸ್. ವೆಕ್ಟರ್ ಲೆಕ್ಕಗಳಿಗೆ ಒಂದೊಂದು ಗೊತ್ತಾದ ಹೆಸರು. ಹೊರಗೆ ಹೆಸರು ಅದೇ, ಒಳಗಿನ ಅಡುಗೆ ಆಯಾ ಯಂತ್ರಕ್ಕೆ ತಕ್ಕಂತೆ. ಮ್ಯಾಟ್ರಿಕ್ಸ್ ಗುಣಾಕಾರ ಸೇರಿದ್ದು ಆಮೇಲೆ, ಮೂರನೇ ಹಂತದಲ್ಲಿ.

ಆ ಒಳಗಿನ ಅಡುಗೆಯಲ್ಲಿ ಕೈ ಪಳಗಿದವರು ಕಜುಶಿಗೆ ಗೋಟೋ. ಜಪಾನಿನ ಪೇಟೆಂಟ್ ಕಚೇರಿಯಲ್ಲಿದ್ದ ಮನುಷ್ಯ, ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದು ಒಂದೊಂದು ಪ್ರೊಸೆಸರಿಗೂ ಅಸೆಂಬ್ಲಿಯನ್ನ ಕೈಯಾರೆ ಬರೆದ್ರು. ಆಮೇಲೆ ಅವರು ಮೈಕ್ರೋಸಾಫ್ಟಿಗೆ, ಅಲ್ಲಿಂದ ಇಂಟೆಲ್‌ಗೆ ಹೋದ್ರು; ಗೋಟೋಬ್ಲಾಸ್ ನಿಂತುಹೋಯ್ತು. ಹೊಸ ಚಿಪ್‌ಗಳು ಮಾತ್ರ ಬರ್ತಾನೇ ಇದ್ವು. (ಒಬ್ಬರ ತಲೆಯಲ್ಲಿರೋ ವಿದ್ಯೆ ಅವರು ನೋಟಿಸ್ ಪೀರಿಯಡ್ ಮುಗಿಸಿ ಹೊರಟ ದಿನ ಏನಾಗತ್ತೆ ಅಂತ ನಮ್ಮ ಐಟಿಯವರಿಗೆ ಬಿಡಿಸಿ ಹೇಳ್ಬೇಕಾ!) ಪುಣ್ಯಕ್ಕೆ ಕೊನೇ ಆವೃತ್ತಿಯ ಸೋರ್ಸ್ ಬಿಎಸ್‌ಡಿ ಲೈಸೆನ್ಸಿನಲ್ಲಿ ಹೊರಗಿತ್ತು. ಚೀನಾದಲ್ಲಿ ಝಾಂಗ್ ಶಿಯಾನ್‌ಯಿ ತಂಡ 2011ರಲ್ಲಿ ಅದನ್ನೇ ಎತ್ತಿಕೊಂಡು ಓಪನ್‌ಬ್ಲಾಸ್ ಅಂತ ಮುಂದುವರಿಸಿತು. ನೀವು 'ಪಿಪ್ ಇನ್‌ಸ್ಟಾಲ್ ನಂಪೈ' ಅಂದಾಗ ಲಿನಕ್ಸ್, ವಿಂಡೋಸ್‌ಗಳಲ್ಲಿ ಸಾಮಾನ್ಯವಾಗಿ ಒಳಗೆ ಕೂತು ಬರೋದು ಇದೇ.

ನನ್ನ ತಪ್ಪು ಇಷ್ಟೇ. ಏನೂ ಹೇಳದೆ 'ಮೇಕ್' ಅಂದ್ರೆ ಓಪನ್‌ಬ್ಲಾಸ್ ತಾನು ಕೂತಿರೋ ಪ್ರೊಸೆಸರನ್ನ ನೋಡಿ ಅದಕ್ಕೇ ಹೊಲಿಸಿಕೊಳ್ಳತ್ತೆ. ನನ್ನ ಲ್ಯಾಪ್‌ಟಾಪಿಗೆ ಎವಿಎಕ್ಸ್-512 ಗೊತ್ತಿತ್ತು, ಹಳೇ ಸರ್ವರ್‌ಗೆ ಗೊತ್ತಿರಲಿಲ್ಲ. ಅದೇ ರಾತ್ರಿ ಮನೆಗೆ ಬಂದು 'ಡೈನಾಮಿಕ್ ಆರ್ಕ್' ಅನ್ನೋ ಆಯ್ಕೆಗೆ 1 ಕೊಟ್ಟು ಮತ್ತೆ ಕಟ್ಟಿದೆ. ಹಲವು ಪ್ರೊಸೆಸರ್‌ಗಳ ಕೋಡ್ ಒಟ್ಟಿಗೇ ತುಂಬಿಕೊಂಡು, ಓಡೋ ಹೊತ್ತಲ್ಲಿ ತಕ್ಕದ್ದನ್ನ ಆರಿಸತ್ತೆ. ಫೈಲ್ ದಪ್ಪ ಆಗತ್ತೆ, ಕಂಪೈಲ್ ಸಮಯವೂ ಜಾಸ್ತಿ. ಕೊನೇ ಲೋಕಲ್ ಹೋಗೋ ಸದ್ದು ಕೇಳಿದ ಮೇಲೂ ಸ್ಕ್ರೀನ್ ಓಡ್ತಾನೇ ಇತ್ತು.

ಮಂಗಳವಾರ ಅದು ಸರ್ವರ್‌ನಲ್ಲಿ ಓಡಿತು. ಪರ್ಮನೆಂಟ್ ಲೆಟರ್ ಮಾತ್ರ ಮೂರು ತಿಂಗಳು ತಡವಾಗಿ ಬಂತು.